ಬೆಕ್ಕಿನ ಸಕ್ಕರೆ ಕಾಯಿಲೆ: ಇನ್ಸುಲಿನ್ ಪ್ರಮಾಣ ಮತ್ತು ಸಕ್ಕರೆ ಕುಸಿತದ ಚರಿತ್ರೆ

ಸಕ್ಕರೆ ಕಾಯಿಲೆಯ ಸಾಕುಬೆಕ್ಕಿಗೆ ಎಷ್ಟು ಇನ್ಸುಲಿನ್ ಕೊಡಬೇಕು, ಯಾವಾಗ ಕಡಿಮೆ ಮಾಡಬೇಕು, ಯಾವಾಗ ಕೊಡದೆ ಬಿಡಬೇಕು ಎಂಬ ನಿರ್ಧಾರಗಳು ಒಂದು ಶತಮಾನದ ಅವಧಿಯಲ್ಲಿ ರೂಪುಗೊಂಡಿವೆ. ಈ ನಿರ್ಧಾರಗಳ ಹಿಂದಿರುವ ಮುಖ್ಯ ಆತಂಕ ಸಕ್ಕರೆ ಕುಸಿತ ಅಥವಾ ಹೈಪೊಗ್ಲೈಸೀಮಿಯ. ರಕ್ತದ ಗ್ಲೂಕೋಸ್ ಮಟ್ಟ ಡೆಸಿಲೀಟರಿಗೆ ಸುಮಾರು 60 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಕುಸಿತವೆಂದು ಎಣಿಸುವುದು ವಾಡಿಕೆ. ಏರಿದ ಸಕ್ಕರೆಯಿಂದ ಬೆಕ್ಕು ವಾರಗಟ್ಟಲೆ, ತಿಂಗಳುಗಟ್ಟಲೆ ಸೊರಗುತ್ತದೆ. ಇಳಿದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಮಿದುಳಿಗೆ ಹಾನಿ ಮಾಡಬಲ್ಲದು. ಹೀಗಾಗಿ ಬೆಕ್ಕಿನ ಇನ್ಸುಲಿನ್ ಚಿಕಿತ್ಸೆಯ ಚರಿತ್ರೆ ಎಂದರೆ ಬಹುಮಟ್ಟಿಗೆ ಸಕ್ಕರೆಯನ್ನು ಯಾರು, ಎಲ್ಲಿ, ಎಷ್ಟು ಸಲ ಅಳೆಯುತ್ತಾರೆ ಎಂಬುದರ ಚರಿತ್ರೆ.

ರೋಗದ ಸ್ವರೂಪ

ನಾಯಿಗೆ ಸಕ್ಕರೆ ಕಾಯಿಲೆ ಬಂದರೆ ಇನ್ಸುಲಿನ್ ಉತ್ಪಾದನೆ ಸಾಮಾನ್ಯವಾಗಿ ಮರಳಿ ಬಾರದಂತೆ ನಿಲ್ಲುತ್ತದೆ. ಬೆಕ್ಕಿನ ಕಾಯಿಲೆ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ನಡುವಯಸ್ಸು ದಾಟಿದ, ಮೈ ಬೆಳೆಸಿಕೊಂಡ, ಬೀಜ ತೆಗೆಸಿದ ಗಂಡುಬೆಕ್ಕುಗಳಲ್ಲಿ ಇದು ಹೆಚ್ಚು. ಬ್ರಿಟನ್ನಿನಲ್ಲಿ ವಿಮೆ ಮಾಡಿಸಿದ ಬೆಕ್ಕುಗಳ ದಾಖಲೆ ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 230 ಬೆಕ್ಕುಗಳಿಗೆ ಒಂದರಲ್ಲಿ ರೋಗ ಕಂಡುಬಂದಿತ್ತು. ಬ್ರಿಟನ್ ಮತ್ತು ಆಸ್ಟ್ರೇಲಿಯದ ಬರ್ಮೀಸ್ ತಳಿಯಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು. ವಿಪರೀತ ನೀರು ಕುಡಿಯುವುದು, ಪದೇ ಪದೇ ಉಚ್ಚೆ ಹೊಯ್ಯುವುದು, ಹೊಟ್ಟೆತುಂಬ ತಿಂದರೂ ಇಳಿದುಹೋಗುವುದು ಮೊದಲ ಲಕ್ಷಣಗಳು. ನರಗಳಿಗೆ ಪೆಟ್ಟುಬಿದ್ದ ಬೆಕ್ಕು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ.

ಈ ಹೋಲಿಕೆ ಮನುಷ್ಯರ ವೈದ್ಯಶಾಸ್ತ್ರಕ್ಕೂ ನೆರವಾಯಿತು. ಸ್ವೀಡನ್ನಿನ ಪೆರ್ ವೆಸ್ಟರ್‌ಮಾರ್ಕ್ ಮತ್ತು ಸಂಗಡಿಗರು 1987ರಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಜಮೆಯಾಗುವ ಅಮಿಲಾಯ್ಡ್ ಎಂಬ ನಾರಿನಂಥ ವಸ್ತುವಿನ ಮೂಲವನ್ನು ಗುರುತಿಸಿದರು. ಅವರು ಪರೀಕ್ಷಿಸಿದ್ದು ಮನುಷ್ಯರ ಇನ್ಸುಲಿನ್ ಗಡ್ಡೆಯನ್ನು ಮತ್ತು ಸಕ್ಕರೆ ಕಾಯಿಲೆಯ ಬೆಕ್ಕಿನ ಗ್ರಂಥಿಯನ್ನು. ಈ ವಸ್ತುವಿಗೆ ಕಾರಣವಾದ ಹಾರ್ಮೋನೇ ಇಂದು ಅಮಿಲಿನ್ ಎಂದು ಹೆಸರಾಗಿರುವುದು.

ಮೊಲದಿಂದ ಬಂದ ಯೂನಿಟ್

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಆ ಗ್ರಂಥಿಯ ಸಾರವನ್ನು ನಾಯಿಗಳ ಮೇಲೆ ಪ್ರಯೋಗಿಸಿದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಅದನ್ನು ಚುಚ್ಚಲಾಯಿತು.

ಸಾರದ ಬಲವನ್ನು ತೂಗಲು ಕಾಲಿಪ್ ಆರೋಗ್ಯವಂತ ಮೊಲಗಳನ್ನು ಬಳಸಿದ್ದರು. ಬಲವಾದ ಸಾರ ಚುಚ್ಚಿದ ಮೊಲಗಳು ಸೆಳೆತ ಬಂದು ಬಿದ್ದವು. ಗ್ಲೂಕೋಸ್ ಕೊಟ್ಟ ಕೂಡಲೇ ಚೇತರಿಸಿಕೊಂಡವು. ಇನ್ಸುಲಿನ್ನಿನ ಅಳತೆ ಹುಟ್ಟಿದ್ದು ಈ ಅನುಭವದಿಂದ. 24 ಗಂಟೆ ಉಪವಾಸವಿದ್ದ 2 ಕಿಲೋ ತೂಕದ ಮೊಲದ ಸಕ್ಕರೆಯನ್ನು ಡೆಸಿಲೀಟರಿಗೆ 45 ಮಿಲಿಗ್ರಾಂಗೆ, ಅಂದರೆ ಸೆಳೆತದ ಅಂಚಿಗೆ, ಇಳಿಸುವ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು, ಅದರ ಮೂರನೆಯ ಒಂದು ಪಾಲನ್ನು ಚಿಕಿತ್ಸೆಯ ಯೂನಿಟ್ ಎಂದು ಗೊತ್ತುಮಾಡಿದರು. ಸಿರಿಂಜಿನ ಮೇಲೆ ಗೆರೆ ಗೆರೆಯಾಗಿ ಕಾಣುವ ಯೂನಿಟ್ಟುಗಳ ಮೂಲದಲ್ಲೇ ಸಕ್ಕರೆ ಕುಸಿತವಿದೆ.

ಬೆದರಿದ ಬೆಕ್ಕಿನ ಸಕ್ಕರೆ

ಇನ್ಸುಲಿನ್ ಬರುವುದಕ್ಕೆ ಹತ್ತು ವರ್ಷ ಮೊದಲೇ ಬೆಕ್ಕಿನ ಒಂದು ವಿಶೇಷ ದಾಖಲಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಮತ್ತು ಸಹೋದ್ಯೋಗಿಗಳು, ಬೊಗಳುವ ನಾಯಿಗೆ ಬೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನು 1911ರಲ್ಲಿ ಪ್ರಕಟಿಸಿದರು. ಅವು ರೋಗವಿಲ್ಲದ ಬೆಕ್ಕುಗಳು. ಸಕ್ಕರೆ ಏರಿದ್ದು ಅಂಜಿಕೆಯಿಂದ.

ಕ್ಯಾನನ್ನರಿಗೆ ಬೇಕಿದ್ದದ್ದು ಭಾವೋದ್ರೇಕದ ಶರೀರಶಾಸ್ತ್ರ. ಪಶುವೈದ್ಯರಿಗೆ ಮಾತ್ರ ಈ ಸಂಗತಿ ಮುಂದೆ ದೊಡ್ಡ ತೊಡಕಾಯಿತು. ಬುಟ್ಟಿಯಲ್ಲಿ ತುಂಬಿ, ವಾಹನದಲ್ಲಿ ಒಯ್ದು, ನಾಯಿಗಳ ನಡುವೆ ಕೂರಿಸಿ, ಹಿಡಿದು ರಕ್ತ ತೆಗೆದ ಬೆಕ್ಕಿನ ಸಕ್ಕರೆ 300 ದಾಟುವುದುಂಟು. ಆ ಅಂಕಿಯನ್ನು ನಂಬಿ ಇನ್ಸುಲಿನ್ ಏರಿಸಿದರೆ, ಮನೆಗೆ ಮರಳಿ ನೆಮ್ಮದಿಯಾಗಿ ಮಲಗಿದ ಬೆಕ್ಕಿಗೆ ಆ ಪ್ರಮಾಣ ಅತಿಯಾಗುತ್ತದೆ. ಆದ್ದರಿಂದಲೇ ಎರಡು ಮೂರು ವಾರಗಳ ಸರಾಸರಿಯನ್ನು ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ 1990ರ ದಶಕದಲ್ಲಿ ಬಳಕೆಗೆ ಬಂತು. ಆದರೆ ಸರಾಸರಿಯೊಳಗೆ ಒಂದು ಮಧ್ಯಾಹ್ನದ ಕುಸಿತ ಅಡಗಿಹೋಗುತ್ತದೆ.

ದನದ ಇನ್ಸುಲಿನ್‌ನಿಂದ ಗ್ಲಾರ್ಜಿನ್‌ವರೆಗೆ

ಮೊದಲ ಇನ್ಸುಲಿನ್ನುಗಳ ಪ್ರಭಾವ ಕೆಲವೇ ಗಂಟೆಗಳದ್ದು. ಡೆನ್ಮಾರ್ಕಿನ ಹಾನ್ಸ್ ಕ್ರಿಸ್ಟಿಯನ್ ಹಾಗೆಡಾರ್ನ್ 1936ರಲ್ಲಿ ಪ್ರೊಟಮೀನ್ ಸೇರಿಸಿ ಅದನ್ನು ನಿಧಾನಗೊಳಿಸಿದರು. ಟೊರಾಂಟೊದಲ್ಲಿ ಸತು ಸೇರಿಸಿದ ಪ್ರೊಟಮೀನ್ ಜಿಂಕ್ ಇನ್ಸುಲಿನ್ ಸಿದ್ಧವಾಯಿತು. ಎನ್‌ಪಿಎಚ್ 1940ರ ದಶಕದಲ್ಲಿ, ಲೆಂಟೆ 1950ರ ದಶಕದ ಆರಂಭದಲ್ಲಿ ಬಂದವು. ಇವೆಲ್ಲ ಮನುಷ್ಯರಿಗಾಗಿ ತಯಾರಾದವು. ಬೆಕ್ಕುಗಳು ಅವನ್ನು ಎರವಲು ಪಡೆದವು. ಎನ್‌ಪಿಎಚ್ ಬೆಕ್ಕಿನ ಮೈಯಲ್ಲಿ ಬೇಗ ಕರಗಿ, ಸಕ್ಕರೆಯನ್ನು ಒಮ್ಮೆಲೇ ಕೆಳಗೆಳೆದು, ಮುಂದಿನ ಚುಚ್ಚುಮದ್ದಿಗೆ ಮುಂಚೆಯೇ ಬಲಗುಂದುವುದು ಸಾಮಾನ್ಯ. ದನದ ಇನ್ಸುಲಿನ್ನಿಗೂ ಬೆಕ್ಕಿನದಕ್ಕೂ ಒಂದೇ ಅಮೈನೊ ಆಮ್ಲದ ವ್ಯತ್ಯಾಸ. ಮನುಷ್ಯರದಕ್ಕೆ ನಾಲ್ಕರ ವ್ಯತ್ಯಾಸ. ಹಾಗಾಗಿ ದನದ ಇನ್ಸುಲಿನ್ ಹೆಚ್ಚಾಗಿರುವ ಪ್ರೊಟಮೀನ್ ಜಿಂಕ್ ತಯಾರಿಕೆ ಬೆಕ್ಕಿನ ವೈದ್ಯರ ಮೆಚ್ಚಿನದಾಗಿತ್ತು.

1982ರಲ್ಲಿ ಜೈವಿಕ ತಂತ್ರಜ್ಞಾನದಿಂದ ತಯಾರಾದ ಮಾನವ ಇನ್ಸುಲಿನ್ನಿಗೆ ಅನುಮತಿ ಸಿಕ್ಕಿದ ಮೇಲೆ ಪ್ರಾಣಿಮೂಲದ ಇನ್ಸುಲಿನ್ನುಗಳು ಅಂಗಡಿಯಿಂದ ಮಾಯವಾಗತೊಡಗಿದವು. ಔಷಧ ಬದಲಿಸಿದಾಗಲೆಲ್ಲ ಪ್ರಮಾಣವನ್ನು ಹೊಸದಾಗಿ ಹುಡುಕಬೇಕಾಯಿತು. ಹಂದಿಮೂಲದ ಲೆಂಟೆಯಾದ ವೆಟ್‌ಸುಲಿನ್ ಅಮೆರಿಕದಲ್ಲಿ 2008ರಲ್ಲಿ ಬೆಕ್ಕುಗಳಿಗೂ ಅನುಮತಿ ಪಡೆಯಿತು. ಮರುವರ್ಷವೇ, ಅದರ ಬಲ ಏರುಪೇರಾಗುತ್ತಿದೆಯೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಅದು ಮಾರುಕಟ್ಟೆಗೆ ಮರಳಿದ್ದು 2013ರಲ್ಲಿ. ಮಾನವ ಇನ್ಸುಲಿನ್ ಆಧರಿಸಿದ ಪ್ರೊಟಮೀನ್ ಜಿಂಕ್ ತಯಾರಿಕೆಯಾದ ಪ್ರೊಜಿಂಕ್ ಬೆಕ್ಕುಗಳಿಗೆಂದೇ 2009ರಲ್ಲಿ ಅನುಮತಿ ಪಡೆಯಿತು.

ಮನುಷ್ಯರಿಗೆ 2000ದಲ್ಲಿ ಅನುಮತಿ ಪಡೆದ ಗ್ಲಾರ್ಜಿನ್ ಬೆಕ್ಕಿನ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಆಮ್ಲೀಯ ದ್ರವವಾಗಿರುವ ಇದು ಚರ್ಮದಡಿ ಸೇರಿದ ಕೂಡಲೇ ಸಣ್ಣ ಹರಳುಗಳಾಗಿ, ನಿಧಾನವಾಗಿ ಕರಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಾಕಿ ರ್‍ಯಾಂಡ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ರೋಗ ಪತ್ತೆಯಾದ 24 ಬೆಕ್ಕುಗಳನ್ನು ಎಂಟೆಂಟರ ಮೂರು ಗುಂಪು ಮಾಡಲಾಗಿತ್ತು. ಗ್ಲಾರ್ಜಿನ್ ಪಡೆದ ಎಂಟೂ ಬೆಕ್ಕುಗಳು ಇನ್ಸುಲಿನ್ ಬಿಡುವ ಸ್ಥಿತಿಗೆ ಬಂದವು. ಪ್ರೊಟಮೀನ್ ಜಿಂಕ್ ಗುಂಪಿನಲ್ಲಿ ಮೂರು, ಲೆಂಟೆ ಗುಂಪಿನಲ್ಲಿ ಎರಡು ಬಂದವು.

ಪುಟಿದೇಳುವ ಸಕ್ಕರೆಯ ವಾದ

ಅಮೆರಿಕದ ಮೈಕೇಲ್ ಸೊಮೋಗಿ 1930ರ ದಶಕದಲ್ಲಿ ಒಂದು ವಾದ ಮುಂದಿಟ್ಟಿದ್ದರು: ಇನ್ಸುಲಿನ್ ಅತಿಯಾಗಿ ಸಕ್ಕರೆ ಕುಸಿದಾಗ ದೇಹ ಪ್ರತಿರೋಧದ ಹಾರ್ಮೋನುಗಳನ್ನು ಸುರಿದು ಸಕ್ಕರೆಯನ್ನು ವಿಪರೀತ ಏರಿಸುತ್ತದೆ. 1986ರಲ್ಲಿ ಬೆಕ್ಕುಗಳಲ್ಲಿಯೂ ಇದನ್ನು ವರದಿ ಮಾಡಲಾಯಿತು. ಆ ಬಳಿಕ, ಹೆಚ್ಚು ಅಂಕಿ ಕಂಡರೂ ಇನ್ಸುಲಿನ್ ಇಳಿಸಿ ನೋಡುವ ಪದ್ಧತಿ ಬೆಳೆಯಿತು. ಗ್ಲಾರ್ಜಿನ್ ಪಡೆದ ಬೆಕ್ಕುಗಳ ಸಾವಿರಾರು ಅಳತೆಗಳನ್ನು ಪರಿಶೀಲಿಸಿದ ಕರ್ಸ್ಟನ್ ರೂಂಪ್ ಮತ್ತು ರ್‍ಯಾಂಡ್ 2016ರಲ್ಲಿ, ಇಂಥ ಪುಟಿತ ಅಪರೂಪವೆಂದು ತೋರಿಸಿದರು. ದಿನದಿಂದ ದಿನಕ್ಕೆ ಅದೇ ಬೆಕ್ಕಿನಲ್ಲಿ, ಅದೇ ಪ್ರಮಾಣಕ್ಕೆ ಸಕ್ಕರೆಯ ಏರಿಳಿತ ಬೇರೆಬೇರೆಯಾಗಿರುವುದೂ ಸಾಮಾನ್ಯ. ಎರಡು ಅಳತೆಗಳ ನಡುವೆ ಏನಾಯಿತೆಂದು ಊಹಿಸುವುದಕ್ಕಿಂತ ಅಳತೆಯನ್ನೇ ಹೆಚ್ಚಿಸುವುದು ಮೇಲೆಂಬ ಅಭಿಪ್ರಾಯ ಇದರಿಂದ ಗಟ್ಟಿಯಾಯಿತು.

ಕಿವಿಯಂಚಿನ ಹನಿ

ಸ್ವಿಟ್ಸರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಕ್ಲೌಡಿಯಾ ರೋಯ್ಷ್ ಮತ್ತು ಸಹೋದ್ಯೋಗಿ 2000ದಲ್ಲಿ, ಕಿವಿಯನ್ನು ಚುಚ್ಚಿ ತೆಗೆದ ಒಂದೇ ಹನಿ ರಕ್ತವನ್ನು ಗ್ಲೂಕೋಮೀಟರಿನಲ್ಲಿ ಅಳೆಯುವ ಕ್ರಮವನ್ನು ವಿವರಿಸಿದರು. ಕಿವಿಯನ್ನು ಬೆಚ್ಚಗೆ ಮಾಡಿದರೆ ರಕ್ತ ಸುಲಭವಾಗಿ ಬರುತ್ತದೆ. ಸಾಕುವವರು ಇದನ್ನು ಕಲಿತರು. ಅಳತೆ ಚಿಕಿತ್ಸಾಲಯದಿಂದ ಮನೆಗೆ ಬಂತು, ಬೆದರಿಕೆಯ ತೊಡಕು ತಗ್ಗಿತು.

ಹೊಸದೊಂದು ತೊಡಕೂ ಹುಟ್ಟಿತು. ಮನುಷ್ಯರ ರಕ್ತದ ಗ್ಲೂಕೋಸಿನಲ್ಲಿ ಸುಮಾರು 58 ಪಾಲು ಪ್ಲಾಸ್ಮಾದಲ್ಲಿ, 42 ಪಾಲು ಕೆಂಪುಕಣಗಳಲ್ಲಿರುತ್ತದೆ. ಬೆಕ್ಕಿನಲ್ಲಿ 93 ಪಾಲು ಪ್ಲಾಸ್ಮಾದಲ್ಲೇ ಇರುತ್ತದೆ. ಆದಕಾರಣ ಮನುಷ್ಯರ ಮೀಟರುಗಳು ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದುದಕ್ಕಿಂತ ಕಡಿಮೆ ತೋರಿಸುತ್ತವೆ. ಒಂದೇ ಅಂಕಿಗೆ ಎರಡು ಮೀಟರುಗಳಲ್ಲಿ ಎರಡು ಅರ್ಥ. ಪ್ರಮಾಣ ನಿರ್ಧರಿಸುವಾಗ ಯಾವ ಮೀಟರಿನ ಅಳತೆ ಎಂಬುದನ್ನು ವೈದ್ಯರಿಗೆ ತಿಳಿಸಬೇಕಾಗುತ್ತದೆ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರುಗಳು ಬಂದದ್ದು ಇದಕ್ಕಾಗಿ. ಯೂರೋಪಿನಲ್ಲಿ 2014ರಲ್ಲಿ ಮನುಷ್ಯರಿಗಾಗಿ ಬಿಡುಗಡೆಯಾದ ಫ್ರೀಸ್ಟೈಲ್ ಲಿಬ್ರೆ ಎಂಬ ಸಂವೇದಕವನ್ನು ಈಗ ಬೆಕ್ಕಿನ ಕೂದಲು ಬೋಳಿಸಿದ ಚರ್ಮಕ್ಕೆ ಅಂಟಿಸಿ, ಹಗಲಿರುಳು ಸಕ್ಕರೆಯ ಗತಿಯನ್ನು ನೋಡುತ್ತಾರೆ.

ರೋಗಶಮನ ಮತ್ತು ಕುಸಿತ

ಬೆಕ್ಕಿನ ಕಾಯಿಲೆಯ ವೈಶಿಷ್ಟ್ಯ ರೋಗಶಮನದ ಸಾಧ್ಯತೆ. ಸಕ್ಕರೆ ಹತೋಟಿಗೆ ಬಂದಂತೆ ದಣಿದ ಗ್ರಂಥಿ ಚೇತರಿಸಿಕೊಂಡು ತಾನೇ ಇನ್ಸುಲಿನ್ ಸ್ರವಿಸತೊಡಗುತ್ತದೆ. ಗ್ಲಾರ್ಜಿನ್ ಮತ್ತು ಮನೆಯ ಅಳತೆಯನ್ನು ಕೂಡಿಸಿ 55 ಬೆಕ್ಕುಗಳ ಮೇಲೆ ರೂಂಪ್ ಮತ್ತು ರ್‍ಯಾಂಡ್ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 64ರಷ್ಟು ಬೆಕ್ಕುಗಳಿಗೆ ಇನ್ಸುಲಿನ್ ಬೇಡವಾಯಿತು. ರೋಗ ಪತ್ತೆಯಾದ ಆರು ತಿಂಗಳೊಳಗೆ ಈ ಕ್ರಮಕ್ಕೆ ಬಂದವುಗಳಲ್ಲಿ ಅದು ಶೇ. 84, ತಡವಾಗಿ ಬಂದವುಗಳಲ್ಲಿ ಶೇ. 35.

ಅಪಾಯ ಹೆಚ್ಚುವುದೂ ಇದೇ ಚೇತರಿಕೆಯ ಹೊತ್ತಿನಲ್ಲಿ. ಕಳೆದ ತಿಂಗಳು ಸರಿಹೊಂದಿದ್ದ ಪ್ರಮಾಣ ಈ ವಾರ ಅತಿಯಾಗಬಹುದು. ಒಣ ತಿನಿಸು ಬಿಡಿಸಿ ಪಿಷ್ಟ ಕಡಿಮೆಯಿರುವ ಮಾಂಸಾಹಾರ ಕೊಟ್ಟಾಗಲೂ ಇನ್ಸುಲಿನ್ನಿನ ಅಗತ್ಯ ಬೇಗನೆ ತಗ್ಗುತ್ತದೆ. ಹಾಗಾಗಿ ಆಹಾರ ಬದಲಿಸುವ ಮುನ್ನ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು. ಇದಕ್ಕೆ ವಿರುದ್ಧವಾಗಿ, ಇನ್ಸುಲಿನ್ ಎಷ್ಟು ಏರಿಸಿದರೂ ಸಕ್ಕರೆ ಜಗ್ಗದಿದ್ದರೆ ಬೆಳವಣಿಗೆಯ ಹಾರ್ಮೋನು ಅತಿಯಾಗಿರುವ ಶಂಕೆ ಮೂಡುತ್ತದೆ. ಬ್ರಿಟನ್ನಿನ 1,221 ಬೆಕ್ಕುಗಳ ಅಧ್ಯಯನವೊಂದು 2015ರಲ್ಲಿ, ಸಕ್ಕರೆ ಕಾಯಿಲೆಯ ನಾಲ್ಕು ಬೆಕ್ಕುಗಳಲ್ಲಿ ಸುಮಾರು ಒಂದಕ್ಕೆ ಈ ದೋಷವಿರಬಹುದೆಂದು ಅಂದಾಜಿಸಿತು.

ಲಕ್ಷಣ ಮತ್ತು ತುರ್ತು ಕ್ರಮ

ಕುಸಿತದ ಮೊದಲ ಸೂಚನೆಗಳು ಅತಿ ಹಸಿವು, ಮಂಕು, ತೂರಾಡುವ ನಡಿಗೆ, ನಡುಕ, ಹಿಗ್ಗಿದ ಕಣ್ಣಪಾಪೆ. ಮುಂದೆ ಸೆಳೆತ, ಪ್ರಜ್ಞಾಹೀನತೆ. ಕೆಲವು ಬೆಕ್ಕುಗಳು ಹೊರಗೆ ಏನನ್ನೂ ತೋರಿಸದೆ ಅಡಗಿ ಕೂರುತ್ತವೆ. ಎಚ್ಚರವಿದ್ದು ತಿನ್ನಬಲ್ಲ ಬೆಕ್ಕಿಗೆ ಕೂಡಲೇ ಆಹಾರ ಕೊಡುವುದು, ತಿನ್ನದಿದ್ದರೆ ಗ್ಲೂಕೋಸ್ ದ್ರಾವಣ ಅಥವಾ ಜೇನುತುಪ್ಪವನ್ನು ಒಸಡಿಗೆ ಸವರುವುದು, ತಡಮಾಡದೆ ವೈದ್ಯರನ್ನು ಕರೆಯುವುದು ಪ್ರಥಮ ಚಿಕಿತ್ಸೆ. ಸೆಳೆತವಿರುವ ಬೆಕ್ಕಿನ ಬಾಯಿಗೆ ದ್ರವ ಸುರಿದರೆ ಅದು ಶ್ವಾಸಕೋಶ ಸೇರಬಹುದು, ಬೆರಳಿಟ್ಟರೆ ಕಚ್ಚಿಸಿಕೊಳ್ಳಬಹುದು. ಸಿಹಿಯ ಆಸೆ ತೋರಿಸಿ ಬೆಕ್ಕಿಗೆ ತಿನ್ನಿಸಲಾಗದು: ಸಿಹಿರುಚಿ ಗ್ರಹಿಸಲು ಬೇಕಾದ ಒಂದು ಜೀನ್ ಬೆಕ್ಕಿನ ಕುಲದಲ್ಲಿ ಕೆಲಸ ಮಾಡುವುದಿಲ್ಲವೆಂದು ಫಿಲಡೆಲ್ಫಿಯದ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಸಕ್ಕರೆ ಮೇಲೆದ್ದ ಮೇಲೂ ನಿಗಾ ತಪ್ಪಿಸುವಂತಿಲ್ಲ. ಚುಚ್ಚಿದ ಇನ್ಸುಲಿನ್ನಿನ ಪ್ರಭಾವ ಉಳಿದಿದ್ದರೆ ಅದು ಮತ್ತೆ ಇಳಿಯುತ್ತದೆ.

ಚುಚ್ಚುವ ಮುನ್ನ

ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘದ 2018ರ ಮಾರ್ಗಸೂಚಿ, ಹೊಸ ಬೆಕ್ಕಿಗೆ 12 ಗಂಟೆಗೊಮ್ಮೆ 1ರಿಂದ 2 ಯೂನಿಟ್ಟಿನಿಂದ ಆರಂಭಿಸಲು ಹೇಳುತ್ತದೆ. ಊಟ ಬಿಟ್ಟ ಅಥವಾ ವಾಂತಿ ಮಾಡಿಕೊಂಡ ಬೆಕ್ಕಿಗೆ ಎಂದಿನ ಪ್ರಮಾಣ ಕೊಡುವ ಮುನ್ನ ವೈದ್ಯರನ್ನು ಕೇಳುವುದು, ಚುಚ್ಚುವ ಮುಂಚಿನ ಸಕ್ಕರೆ ತೀರಾ ಕಡಿಮೆಯಿದ್ದರೆ ತಡೆದು ಮತ್ತೊಮ್ಮೆ ಅಳೆಯುವುದು, ಮನೆಯಲ್ಲಿ ಇಬ್ಬರು ಎರಡು ಬಾರಿ ಚುಚ್ಚದಂತೆ ಗುರುತು ಹಾಕುವುದು ಬಳಕೆಯಲ್ಲಿರುವ ಎಚ್ಚರಿಕೆಗಳು. ಚುಚ್ಚುವಾಗ ಮದ್ದು ಕೂದಲಿಗೆ ಸೋರಿತೆಂದು ಶಂಕೆಯಾದರೂ ಮತ್ತೆ ಚುಚ್ಚುವುದಿಲ್ಲ. ಒಂದು ಹೊತ್ತು ತಪ್ಪಿದರೆ ಸಾಮಾನ್ಯವಾಗಿ ಕೆಡುಕಿಲ್ಲ; ಎರಡು ಪಾಲು ಬಿದ್ದರೆ ಪ್ರಾಣಾಪಾಯ.

ಸಿರಿಂಜಿನ ಆಯ್ಕೆಯೂ ಮುಖ್ಯ. ಪ್ರೊಜಿಂಕ್, ವೆಟ್‌ಸುಲಿನ್‌ಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇದ್ದರೆ ಸಾಮಾನ್ಯ ಗ್ಲಾರ್ಜಿನ್‌ನಲ್ಲಿ 100. ಭಾರತದ ಔಷಧ ಅಂಗಡಿಗಳಲ್ಲಿ ಮನುಷ್ಯರಿಗೂ ಎರಡೂ ಬಲದ ಇನ್ಸುಲಿನ್ ಸಿಗುವುದರಿಂದ ಇಲ್ಲಿ ಗೊಂದಲಕ್ಕೆ ಆಸ್ಪದ ಹೆಚ್ಚು. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ಬೆಕ್ಕಿಗೆ ಎರಡೂವರೆ ಪಟ್ಟು ಸೇರುತ್ತದೆ.

ಚುಚ್ಚುಮದ್ದಿಲ್ಲದ ದಾರಿ

ಮೂತ್ರಪಿಂಡದ ಮೂಲಕ ಸಕ್ಕರೆಯನ್ನು ಹೊರಹಾಕಿಸುವ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ, ಬಾಯಿಗೆ ಹಾಕುವ ದ್ರವರೂಪದ ವೆಲಾಗ್ಲಿಫ್ಲೋಜಿನ್‌ಗೆ 2023ರಲ್ಲಿ ಅನುಮತಿ ದೊರೆಯಿತು. ಇವುಗಳಿಂದ ಸಕ್ಕರೆ ಕುಸಿಯುವ ಸಂಭವ ಕಡಿಮೆ. ಆದರೆ ಮೊದಲೇ ಇನ್ಸುಲಿನ್ ಪಡೆದ ಬೆಕ್ಕುಗಳಿಗೆ ಇವನ್ನು ಕೊಡಬಾರದೆಂಬ ಎಚ್ಚರಿಕೆ ಅಮೆರಿಕದ ಅನುಮತಿಯ ಭಾಗ. ದೇಹದೊಳಗೆ ಇನ್ಸುಲಿನ್ ಸಾಲದೆ ಕೊಬ್ಬು ಕರಗಿ ಕೀಟೋನುಗಳು ತುಂಬಿಕೊಂಡು ರಕ್ತ ಆಮ್ಲೀಯವಾಗಬಹುದು. ಆಗಲೂ ಮೀಟರಿನಲ್ಲಿ ಸಕ್ಕರೆ ಸರಿಯಾಗಿಯೇ ಕಾಣಬಹುದು. ಇಂಥ ಬೆಕ್ಕಿನ ವಿಷಯದಲ್ಲಿ ಸಕ್ಕರೆಯ ಅಂಕಿಯೊಂದರಿಂದಲೇ ನೆಮ್ಮದಿಪಡುವಂತಿಲ್ಲ. ಕೀಟೋನನ್ನೂ ಅಳೆಯಬೇಕು, ತಿಂದಿತೇ, ಚುರುಕಾಗಿದೆಯೇ ಎಂದು ದಿನವೂ ಗಮನಿಸಬೇಕು.