ಒತಾಕು

ಜಪಾನಿ ಭಾಷೆಯಲ್ಲಿ 'ತಾಕು' ಎಂದರೆ ಮನೆ. ಮುಂದೆ ಗೌರವದ 'ಒ' ಸೇರಿ 'ಒತಾಕು' ಆದರೆ 'ತಮ್ಮ ಮನೆ'. ಅಷ್ಟೇನೂ ಸಲಿಗೆಯಿಲ್ಲದವರೊಂದಿಗೆ ಮಾತಾಡುವಾಗ ಇದಕ್ಕೆ 'ತಾವು' ಎಂಬ ಅರ್ಥವೂ ಉಂಟು. ಗಂಡನನ್ನು 'ನಮ್ಮ ಮನೆಯವರು' ಎನ್ನುವ ನಮಗೆ ಮನೆ ಮನುಷ್ಯನಾಗುವುದು ವಿಚಿತ್ರವೆನಿಸದು.

1980ರ ದಶಕದ ಆರಂಭದಲ್ಲಿ ಅನಿಮೆ (ಜಪಾನಿ ಕಾರ್ಟೂನ್ ಚಿತ್ರ), ಮಾಂಗಾ (ಜಪಾನಿ ಚಿತ್ರಕಥೆ) ಹುಚ್ಚು ಹಿಡಿದ ಹುಡುಗರು ಗೆಳೆಯರ ನಡುವೆಯೂ ಈ ಬಿಗುವಿನ 'ತಾವು' ಬಳಸುತ್ತಿದ್ದರು. 1983ರಲ್ಲಿ ಲೇಖಕ ನಕಾಮೊರಿ ಅಕಿಯೊ 'ಮಾಂಗಾ ಬುರಿಕ್ಕೊ' ಪತ್ರಿಕೆಯ ಅಂಕಣದಲ್ಲಿ ಅದನ್ನೇ ಹಿಡಿದುಕೊಂಡು ಅವರಿಗೆ 'ಒತಾಕು' ಎಂದು ಹೆಸರಿಟ್ಟು ಗೇಲಿ ಮಾಡಿದರು. ಗೇಲಿ ಸ್ವಲ್ಪ ಕ್ರೂರವಾಗಿಯೇ ಇತ್ತು. 1989ರಲ್ಲಿ ಪುಟ್ಟ ಹುಡುಗಿಯರ ಕೊಲೆಗಾರನೊಬ್ಬ ಸಿಕ್ಕಿಬಿದ್ದು, ವಿಡಿಯೊ ಟೇಪುಗಳಿಂದ ತುಂಬಿದ ಅವನ ಕೋಣೆಯ ಚಿತ್ರಗಳು ಪ್ರಕಟವಾದವು. ಆಮೇಲೆ ಈ ಪದ ನೇರ ಬೈಗುಳವಾಯಿತು.

ಕಡಲಾಚೆ ಹೋದಾಗ ಆ ಕಹಿ ಜೊತೆಗೆ ಹೋಗಲಿಲ್ಲ. 1994ರಲ್ಲಿ ಪೆನ್ಸಿಲ್ವೇನಿಯಾದ ಅಭಿಮಾನಿಗಳು ತಮ್ಮ ಸಮ್ಮೇಳನಕ್ಕೆ 'ಒಟಾಕಾನ್' ಎಂದು ಹೆಮ್ಮೆಯಿಂದಲೇ ಹೆಸರಿಟ್ಟರು. ಅರ್ಥವೂ ಅಲ್ಲಿ ಕಿರಿದಾಯಿತು: ಹೊರದೇಶದವರಿಗೆ ಒತಾಕು ಎಂದರೆ ಅನಿಮೆ, ಮಾಂಗಾ, ಹೆಚ್ಚೆಂದರೆ ಜಪಾನಿ ಪಾಪ್ ಹಾಡುಗಳ ಅಭಿಮಾನಿ. ಜಪಾನಿನಲ್ಲಾದರೋ ರೈಲಿನ ಹುಚ್ಚಿನವರೂ ಒತಾಕುಗಳೇ. 'ಐಡಲ್' ಎನ್ನುವ ಪಾಪ್ ಗಾಯಕಿಯರ ಅಭಿಮಾನಿಗಳದು 'ವೊತಾ' ಎಂಬ ಮೊಟಕು ರೂಪ. ಹಾಡಿನ ಲಯಕ್ಕೆ ಅವರು ಬಣ್ಣದ ದೀಪದ ಕಡ್ಡಿ ಬೀಸುತ್ತ ಕುಣಿಯುವ ಕುಣಿತ 'ವೊತಾಗೇಯ್'.

ಈಗ ಜಪಾನಿನಲ್ಲೂ ಪದ ಮೆತ್ತಗಾಗಿದೆ. ಯುವಜನ ತಮ್ಮನ್ನೇ ಹಾಗೆ ಕರೆದುಕೊಳ್ಳುತ್ತಾರೆ. ಆದರೂ ಹೊಸ ಪರಿಚಯದ ಹಿರಿಯರೊಬ್ಬರಿಗೆ 'ನೀವು ಒತಾಕುವೇ?' ಎಂದು ಕೇಳುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು.