ಡಿಜೆ ಟಿಲ್ಲು: ಹೈದರಾಬಾದಿನ ಬರಾತ್ ಸಂಗೀತವೂ ಒಂದು ಹಾಸ್ಯಚಿತ್ರದ ನಿರೀಕ್ಷೆಯೂ

‘ಡಿಜೆ ಟಿಲ್ಲು’ 2022ರ ಫೆಬ್ರವರಿ 12ರಂದು ತೆರೆಕಂಡ ತೆಲುಗು ಹಾಸ್ಯಚಿತ್ರ. ಇದರ ಎರಡನೆಯ ಭಾಗ ‘ಟಿಲ್ಲು ಸ್ಕ್ವೇರ್’ 2024ರ ಮಾರ್ಚ್ 29ರಂದು ಬಿಡುಗಡೆಯಾಯಿತು. ಮೂರನೆಯ ಭಾಗವಾದ ‘ಟಿಲ್ಲು ಕ್ಯೂಬ್’ ಅನ್ನೂ ಅದೇ ವರ್ಷ ಘೋಷಿಸಲಾಯಿತು. ಮದುವೆಯ ಮೆರವಣಿಗೆಗಳಲ್ಲಿ ಹಾಡು ಹಾಕಿ ಜನರನ್ನು ಕುಣಿಸುವ ಹೈದರಾಬಾದಿನ ಸಾಮಾನ್ಯ ಯುವಕನೊಬ್ಬ ಈ ಸರಣಿಯ ನಾಯಕ. ಇಂತಹ ಪಾತ್ರವೊಂದಕ್ಕಾಗಿ ಇಡೀ ನಗರ ಎದುರುನೋಡಿದ್ದು ಏಕೆ? ಇಲ್ಲಿ ನೆಲೆಸಿರುವ ಕನ್ನಡಿಗರು ಇದರಿಂದ ಗ್ರಹಿಸಬೇಕಾದದ್ದು ಏನು? ಈ ಲೇಖನದ ವಿಷಯ ಇದೇ ಆಗಿದೆ.

ಚಿತ್ರದ ಪರಿಚಯ

ಮೊದಲ ಭಾಗವನ್ನು ವಿಮಲ್ ಕೃಷ್ಣ ನಿರ್ದೇಶಿಸಿದರು. ನಾಯಕನಟ ಸಿದ್ದು ಜೊನ್ನಲಗಡ್ಡ ಅವರು ನಿರ್ದೇಶಕರೊಂದಿಗೆ ಬರವಣಿಗೆಯಲ್ಲಿಯೂ ಪಾಲುಗೊಂಡರು. ‘ಗುಂಟೂರ್ ಟಾಕೀಸ್’ (2016), ‘ಕೃಷ್ಣ ಅಂಡ್ ಹಿಸ್ ಲೀಲಾ’ (2020) ಚಿತ್ರಗಳಿಂದ ಅವರು ಆ ವೇಳೆಗಾಗಲೇ ಪರಿಚಿತರಾಗಿದ್ದರು. ಚಿತ್ರಕ್ಕೆ ಮೊದಲು ಇಟ್ಟಿದ್ದ ಹೆಸರು ‘ನರುಡಿ ಬ್ರತುಕು ನಟನ’. ತತ್ತ್ವದ ಛಾಯೆಯ ಆ ಹೆಸರನ್ನು ಕೈಬಿಟ್ಟು, ಬೀದಿಯ ನಾಲಿಗೆಯಲ್ಲಿ ಸುಲಭವಾಗಿ ಆಡುವ ‘ಡಿಜೆ ಟಿಲ್ಲು’ ಎಂಬ ಹೆಸರನ್ನು ಆರಿಸಿಕೊಳ್ಳಲಾಯಿತು. ನಾಯಕನ ನಿಜನಾಮ ಬಾಲಗಂಗಾಧರ ತಿಲಕ್. ರಾಷ್ಟ್ರನಾಯಕರ ಹೆಸರು ಗೆಳೆಯರ ಬಾಯಲ್ಲಿ ‘ಟಿಲ್ಲು’ ಆಗಿರುವುದೇ ಚಿತ್ರದ ಮೊದಲ ವಿನೋದ.

ಕಥಾವಸ್ತು ಸರಳವಾದುದು. ಗಾಯಕಿ ರಾಧಿಕಾಳಿಗೆ ಮನಸೋತ ಟಿಲ್ಲು ಆಕೆಯ ಮನೆಗೆ ಹೋಗಿ ಒಂದು ಸಾವಿನ ಪ್ರಕರಣದಲ್ಲಿ ಸಿಕ್ಕಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಉಳಿಯುವ ಆಯುಧ ಮಾತೊಂದೇ. ರಾಧಿಕಾಳ ಪಾತ್ರ ವಹಿಸಿದ ನೇಹಾ ಶೆಟ್ಟಿ ಮಂಗಳೂರಿನವರು. 2016ರಲ್ಲಿ ಶಶಾಂಕ್ ನಿರ್ದೇಶನದ ಕನ್ನಡ ಚಿತ್ರ ‘ಮುಂಗಾರು ಮಳೆ 2’ರ ಮೂಲಕ ಚಿತ್ರರಂಗ ಪ್ರವೇಶಿಸಿದವರು.

ಡಿಜೆ ಎಂಬ ಕಸುಬು

ಡಿಜೆ ಎಂದರೆ ಡಿಸ್ಕ್ ಜಾಕಿ. ಮುದ್ರಿತ ಹಾಡುಗಳನ್ನು ಒಂದರ ಬೆನ್ನಿಗೊಂದು ಎಡೆಬಿಡದೆ ನುಡಿಸುವವನು. ಹಿಂದೆ ಎರಡು ತಿರುಗುಮಣೆಗಳನ್ನೂ ನಡುವೆ ಒಂದು ಮಿಕ್ಸರನ್ನೂ ಇಟ್ಟುಕೊಂಡು, ಮುಗಿಯುತ್ತಿರುವ ಹಾಡಿನ ಲಯಕ್ಕೆ ಬರಲಿರುವ ಹಾಡಿನ ಲಯವನ್ನು ಹೊಂದಿಸುವುದು ಅವನ ಕೌಶಲವಾಗಿತ್ತು. ಇಂದು ಲ್ಯಾಪ್‌ಟಾಪ್ ಆ ಕೆಲಸವನ್ನು ಹಗುರಗೊಳಿಸಿದೆ. ಆದರೆ ಕುಣಿಯುವವರ ಮುಖ ನೋಡಿ ಮುಂದಿನ ಹಾಡನ್ನು ಆರಿಸುವ ಜಾಣ್ಮೆಗೆ ಯಂತ್ರದ ಬದಲಿ ಇನ್ನೂ ಸುಲಭವಲ್ಲ.

ಪಾಶ್ಚಾತ್ಯ ಚಿತ್ರಗಳಲ್ಲಿ ಡಿಜೆ ಕ್ಲಬ್ಬಿನ ಮನುಷ್ಯ. 2004ರ ‘ಇಟ್ಸ್ ಆಲ್ ಗಾನ್ ಪೀಟ್ ಟಾಂಗ್’ ಎಂಬ ಹಾಸ್ಯಚಿತ್ರದಲ್ಲಿ ಸ್ಪೇನಿನ ಇಬಿಜಾ ದ್ವೀಪದ ಪ್ರಸಿದ್ಧ ಡಿಜೆಯೊಬ್ಬ ಕಿವುಡನಾಗುತ್ತಾನೆ. ಅದರ ಹಿಂದಿ ರೂಪಾಂತರ ‘ಸೌಂಡ್‌ಟ್ರ್ಯಾಕ್’ 2011ರಲ್ಲಿ ಬಂದಿತು. ಟಿಲ್ಲು ಈ ಪರಂಪರೆಯವನಲ್ಲ. ಅವನ ಬೇರು ಇರುವುದು ಬರಾತಿನಲ್ಲಿ.

ಮರ್ಫಾದಿಂದ ಡಿಜೆಯವರೆಗೆ

ಹೈದರಾಬಾದಿನ ಬರಾತಿಗೆ ತನ್ನದೇ ಆದ ವಾದ್ಯಪರಂಪರೆಯಿದೆ. ನಿಜಾಮರ ಸೇನೆಯಲ್ಲಿ ಸೇವೆ ಸಲ್ಲಿಸಲು ಯೆಮೆನಿನ ಹದ್ರಮೌತ್ ಪ್ರದೇಶದಿಂದ ಅರಬ್ಬರೂ ಆಫ್ರಿಕಾದಿಂದ ಸಿದ್ದಿಗಳೂ ಬಂದರು. ಅರಬ್ಬರು ನೆಲೆಸಿದ ಬಾರ್ಕಸ್, ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಅಶ್ವದಳದಿಂದ ಹೆಸರು ಪಡೆದ ಎ.ಸಿ. ಗಾರ್ಡ್ಸ್ ಬಡಾವಣೆಗಳು ಈ ಇತಿಹಾಸವನ್ನು ಇಂದಿಗೂ ನೆನಪಿಸುತ್ತವೆ. ಇವರೊಂದಿಗೆ ಬಂದದ್ದು ‘ಮರ್ಫಾ’ ಎಂಬ ತಾಳವಾದ್ಯ ಮೇಳ. ಕಾಲಕ್ರಮದಲ್ಲಿ ಅದು ಜಾತಿಮತಗಳ ಗೆರೆ ದಾಟಿ ಮದುವೆ, ಹಬ್ಬ, ಮೆರವಣಿಗೆಗಳಿಗೆ ಸಲ್ಲತೊಡಗಿತು. ನಗರದ ಗಣೇಶ ವಿಸರ್ಜನೆಯಲ್ಲಿಯೂ ಬೋನಾಲು ಉತ್ಸವದಲ್ಲಿಯೂ ಯುವಕರು ಕುಣಿಯುವ ‘ತೀನ್‌ಮಾರ್’ ಬಡಿತ ಈ ನೆಲದ ನಾಡಿಮಿಡಿತವೇ ಸರಿ.

ವಾಹನದ ಮೇಲೆ ಧ್ವನಿವರ್ಧಕಗಳನ್ನೂ ಜನರೇಟರನ್ನೂ ಹೇರಿಕೊಂಡು ಬರುವ ಡಿಜೆ ಈ ಬಡಿತದ ಹೊಸ ವಾರಸುದಾರ. ರಾಮ್ ಮಿರಿಯಾಲ ಅವರು ಸ್ವರ ಸಂಯೋಜಿಸಿ ಹಾಡಿ, ಕಾಸರ್ಲ ಶ್ಯಾಮ್ ಅವರು ಬರೆದ ‘ಡಿಜೆ ಟಿಲ್ಲು’ ಶೀರ್ಷಿಕೆ ಗೀತೆ ಈ ಬೀದಿಯ ಲಯದಿಂದಲೇ ಹುಟ್ಟಿ, ಚಿತ್ರದಿಂದ ಹೊರಬಂದು ಮತ್ತೆ ಬರಾತುಗಳನ್ನೇ ಸೇರಿತು.

ನಿರೀಕ್ಷೆ ಬೆಳೆದ ಬಗೆ

ಎರಡನೆಯ ಭಾಗವನ್ನು ಮಲ್ಲಿಕ್ ರಾಮ್ ನಿರ್ದೇಶಿಸಿದರು. ಅನುಪಮಾ ಪರಮೇಶ್ವರನ್ ಲಿಲ್ಲಿಯ ಪಾತ್ರ ವಹಿಸಿದರು. 2023ರ ಸೆಪ್ಟೆಂಬರ್ 15ಕ್ಕೆ ನಿಗದಿಯಾಗಿದ್ದ ಬಿಡುಗಡೆ 2024ರ ಫೆಬ್ರವರಿ 9ಕ್ಕೂ, ಅನಂತರ ಮಾರ್ಚ್ 29ಕ್ಕೂ ಮುಂದೂಡಲ್ಪಟ್ಟಿತು. ಸಾಮಾನ್ಯವಾಗಿ ಇಂತಹ ವಿಳಂಬದಿಂದ ಚಿತ್ರದ ಕಾವು ಆರುತ್ತದೆ. ಇಲ್ಲಿ ಹಾಗಾಗಲಿಲ್ಲ. ಹಾಡುಗಳು 2023ರಲ್ಲಿಯೇ ಒಂದೊಂದಾಗಿ ಹೊರಬಂದವು. ‘ರಾಧಿಕಾ’ ಎಂಬ ಹೆಸರೇ ಮನೆಮಾತಾಯಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಚಿತ್ರದ ಗಳಿಕೆ 100 ಕೋಟಿ ರೂಪಾಯಿ ದಾಟಿತೆಂದು ನಿರ್ಮಾಪಕರು ಪ್ರಕಟಿಸಿದರು.

ಜನ ಕಾದದ್ದು ಕಥೆಗಾಗಿ ಅಲ್ಲ, ಟಿಲ್ಲುವಿನ ಮಾತಿಗಾಗಿ. ಸಂಕಟ ಹೆಚ್ಚಿದಷ್ಟೂ ಅವನ ಮಾತಿನ ಠೀವಿ ಹೆಚ್ಚುತ್ತದೆ. ಆ ಮಾತು ಹೈದರಾಬಾದಿನ ಗಲ್ಲಿಯ ತೆಲುಗು: ತೆಲಂಗಾಣದ ಯಾಸೆ, ನಡುನಡುವೆ ದಖನಿಯ ಪದ, ಅಷ್ಟಿಷ್ಟು ಇಂಗ್ಲಿಷ್. ತೆಲುಗು ಚಿತ್ರಗಳಲ್ಲಿ ಈ ನುಡಿ ಬಹುಕಾಲ ವಿದೂಷಕರಿಗೂ ಖಳರಿಗೂ ಮೀಸಲಾಗಿತ್ತು. 2014ರ ಜೂನ್ 2ರಂದು ತೆಲಂಗಾಣ ರಾಜ್ಯ ಉದಯಿಸಿದ ಬಳಿಕ ಪರಿಸ್ಥಿತಿ ಬದಲಾಯಿತು. ‘ಫಿದಾ’ (2017), ‘ಬಲಗಂ’ (2023) ಮುಂತಾದ ಚಿತ್ರಗಳಲ್ಲಿ ಅದು ಪ್ರೀತಿಯ, ದುಃಖದ, ಘನತೆಯ ನುಡಿಯಾಯಿತು. ‘ಡಿಜೆ ಟಿಲ್ಲು’ ಅದನ್ನು ನಾಯಕನ ಗತ್ತಿನ ನುಡಿಯನ್ನಾಗಿಸಿತು. ಹಿಂದೆ ಆ ನುಡಿಯನ್ನು ಕಂಡು ನಗುತ್ತಿದ್ದ ಪ್ರೇಕ್ಷಕರು ಈಗ ಅದರೊಂದಿಗೆ ನಗತೊಡಗಿದರು.

ಕನ್ನಡಿಗರಿಗೆ ಒಂದು ಪ್ರಶ್ನೆ

ಇಲ್ಲಿಯ ಕನ್ನಡ ಕುಟುಂಬಗಳಲ್ಲಿ ಅನೇಕರ ಮೂಲ ಬೀದರ್, ಕಲಬುರಗಿ, ರಾಯಚೂರು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೂ ಹೈದರಾಬಾದ್ ರಾಜ್ಯದ ಭಾಗಗಳೇ. ಅಲ್ಲಿಯ ಮನೆಮಾತಿನಲ್ಲಿಯೂ ದಖನಿ, ತೆಲುಗು, ಮರಾಠಿಗಳ ಹದವಾದ ಬೆರಕೆಯಿದೆ. ಅಲ್ಲಿಯ ಜಾತ್ರೆ, ಮೆರವಣಿಗೆಗಳಲ್ಲಿಯೂ ಜಾನಪದ ಧಾಟಿಯ ಡಿಜೆ ಹಾಡುಗಳ ಅಬ್ಬರವಿದೆ. ಶರಣ್ ನಾಯಕರಾಗಿದ್ದ ‘ರ‍್ಯಾಂಬೊ 2’ (2018) ಎಂಬ ಹಾಸ್ಯಚಿತ್ರಕ್ಕಾಗಿ ಅರ್ಜುನ್ ಜನ್ಯ ಸಂಯೋಜಿಸಿದ, ಉತ್ತರ ಕರ್ನಾಟಕದ ಆಡುಮಾತಿನ ‘ಚುಟು ಚುಟು’ ಗೀತೆ ನಾಡಿನಾದ್ಯಂತ ಜನರನ್ನು ಕುಣಿಸಿತು.

ಆದರೆ ಕನ್ನಡ ಚಿತ್ರರಂಗ ಈ ನುಡಿಗೆ ಹಾಡಿನಲ್ಲಿ ಕೊಟ್ಟಷ್ಟು ಸ್ಥಾನವನ್ನು ಕಥೆಯಲ್ಲಿ ಕೊಟ್ಟಿಲ್ಲ. ‘ಸಂತ ಶಿಶುನಾಳ ಷರೀಫ’ (1990)ದಂತಹ ಗಂಭೀರ ಪ್ರಯತ್ನಗಳು ನಡೆದಿವೆ ನಿಜ. ಆದರೂ ಕಲಬುರಗಿಯ ಮಾತು ಕೇಳಿದೊಡನೆ ‘ಇದು ಹಾಸ್ಯಪಾತ್ರ’ ಎಂದು ಊಹಿಸುವ ಅಭ್ಯಾಸ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ನಮ್ಮ ಮಕ್ಕಳು ಟಿಲ್ಲುವಿನ ತೆಲುಗನ್ನು ಹೆಮ್ಮೆಯಿಂದ ಅನುಕರಿಸುತ್ತ ಅಜ್ಜಿಯ ಬೀದರ್ ಕನ್ನಡವನ್ನಾಡಲು ಸಂಕೋಚಪಟ್ಟರೆ, ಆ ಸಂಕೋಚದ ಮೂಲ ಮಕ್ಕಳಲ್ಲಿಲ್ಲ. ಅವರಿಗೆ ನಾವು ತೋರಿಸಿದ ಕಥೆಗಳಲ್ಲಿದೆ.

ಸದ್ದಿನ ಮಿತಿ

ತೆರೆಯ ಡಿಜೆ ಪ್ರಿಯನಾದರೂ ಬೀದಿಯ ಡಿಜೆಯ ಬಗೆಗೆ ದೂರುಗಳು ಸಕಾರಣವಾದವು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳಗಳಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. 2024ರ ಅಕ್ಟೋಬರಿನಲ್ಲಿ ಹೈದರಾಬಾದ್ ಪೊಲೀಸರು ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆ ಬಳಕೆಯನ್ನು ನಿಷೇಧಿಸಿದರು. ಮಗನ ಅಥವಾ ಮಗಳ ಮದುವೆಗೆ ಬರಾತು ಗೊತ್ತುಪಡಿಸುವವರು ಈ ನಿಯಮಗಳನ್ನು ಮೊದಲೇ ತಿಳಿದಿರುವುದು ಕ್ಷೇಮ. ಸಣ್ಣ ಮರ್ಫಾ ಮೇಳವೊಂದನ್ನು ಕರೆಸಿದರೆ ನೆರೆಯವರ ನಿದ್ರೆಯೂ ಉಳಿಯುತ್ತದೆ, ಹಳೆಯ ಕಲೆಯೊಂದಕ್ಕೆ ಅನ್ನವೂ ದೊರೆಯುತ್ತದೆ.

ನೋಡುವವರ ಗಮನಕ್ಕೆ

ಈ ಎರಡೂ ಚಿತ್ರಗಳಲ್ಲಿ ಕೊಲೆ, ಮದ್ಯಪಾನ, ಪ್ರಣಯದ ದೃಶ್ಯಗಳಿವೆ. ಆದುದರಿಂದ ಚಿಕ್ಕ ಮಕ್ಕಳೊಂದಿಗೆ ನೋಡಲು ಇವು ತಕ್ಕವಲ್ಲ. ಬೆಳೆದ ಮಕ್ಕಳೊಂದಿಗೆ ನೋಡುವವರು ಕಥೆಯ ತಿರುವುಗಳಿಗಿಂತ ಟಿಲ್ಲು ಹೇಗೆ ಮಾತನಾಡುತ್ತಾನೆ ಎಂಬುದಕ್ಕೆ ಹೆಚ್ಚಾಗಿ ಕಿವಿಗೊಡಬಹುದು. ಒಂದು ಊರು ತನ್ನ ಮಾತನ್ನು ತೆರೆಯ ಮೇಲೆ ತಲೆಯೆತ್ತಿ ಆಡಿದ ಸಂತೋಷ ಅಲ್ಲಿದೆ. ಬೀದರಿನ ಕನ್ನಡವನ್ನಾಡುವ ಇಂತಹದೇ ಒಬ್ಬ ನಾಯಕನಿಗಾಗಿ ಎದುರುನೋಡುವ ಹಕ್ಕು ನಮಗೂ ಇದೆ.