ಪೆಲ್ಟಿಯರ್ ಶೀತಕ (ಕಂಪ್ಯೂಟರ್ ಪ್ರೊಸೆಸರ್)

ವಿದ್ಯುತ್ ಹರಿಸಿ ಪ್ರೊಸೆಸರಿನ ಬಿಸಿಯನ್ನು ಹೊರಸಾಗಿಸುವ ಸಾಧನ. ಎರಡು ಬೇರೆ ಬೇರೆ ವಾಹಕಗಳ ಬೆಸುಗೆಗಳಲ್ಲಿ ವಿದ್ಯುತ್ ಹರಿದಾಗ ಒಂದು ಬೆಸುಗೆ ತಂಪು, ಇನ್ನೊಂದು ಬಿಸಿಯಾಗುವುದನ್ನು ಫ್ರಾನ್ಸಿನ ಜೀನ್ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ. ಈ ತತ್ವದಲ್ಲಿ ಕೆಲಸ ಮಾಡುವ ಇಂದಿನ ಪೆಲ್ಟಿಯರ್ ಬಿಲ್ಲೆಗಳಲ್ಲಿರುವುದು ಬಿಸ್ಮತ್ ಟೆಲ್ಯುರೈಡ್.

ಈ ಶೀತಕದ ಗುಣವನ್ನು ಅಳೆಯುವಾಗ ತಾಪಮಾನವೊಂದನ್ನೇ ನೋಡಿದರೆ ಸಾಲದು. ಪ್ರೊಸೆಸರಿನ 100 ವಾಟ್ ಬಿಸಿ ಎತ್ತಲು ಬಿಲ್ಲೆ 200 ವಾಟ್ ನುಂಗಿದರೆ, ಫ್ಯಾನು ಅಥವಾ ನೀರಿನ ರೇಡಿಯೇಟರು ಒಟ್ಟು 300 ವಾಟ್ ಹೊರಹಾಕಬೇಕು. ಮಾರುಕಟ್ಟೆಯ 40 ಮಿಲಿಮೀಟರ್ ಚೌಕದ ಅಗ್ಗದ ಬಿಲ್ಲೆ ಪ್ರೊಸೆಸರಿನ ಇಷ್ಟು ಬಿಸಿಯನ್ನು ಎತ್ತಲಾರದು.

ಮುಂಬೈ ಸುತ್ತಲಿನ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳಲ್ಲಿ ಈ ಶೀತಕದ ನಿಜವಾದ ಶತ್ರು ಮಳೆಗಾಲದ ತೇವ. ಕೋಣೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ತಾಪಮಾನ, ಶೇ. 80 ಆರ್ದ್ರತೆ ಇದ್ದರೆ ಸುಮಾರು 26 ಡಿಗ್ರಿಯಲ್ಲೇ ಇಬ್ಬನಿ ಕಟ್ಟುತ್ತದೆ. ಬಿಲ್ಲೆಯ ತಂಪು ಬದಿ ಅದಕ್ಕಿಂತ ಕೆಳಗಿಳಿದರೆ ಮದರ್‌ಬೋರ್ಡಿನ ಮೇಲೆ ನೀರ ಹನಿ, ಶಾರ್ಟ್ ಸರ್ಕ್ಯೂಟಿನ ಅಪಾಯ.

ಇಂಟೆಲ್ 2020ರಲ್ಲಿ ತಂದ ಕ್ರಯೋ ತಂತ್ರಜ್ಞಾನ ಆರ್ದ್ರತೆಯನ್ನೂ ಗಮನಿಸಿ ಬಿಲ್ಲೆಯನ್ನು ನಿಯಂತ್ರಿಸುತ್ತಿತ್ತು. ಜಾಣ ಪರಿಹಾರವೇ ಸರಿ. ಆದರೂ 2023ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು.

ಈ ಊರುಗಳ ಮನೆಬಳಕೆಯ ಕಂಪ್ಯೂಟರಿಗೆ ಫ್ಯಾನಿರುವ ಒಳ್ಳೆಯ ಗಾಳಿಶೀತಕವೇ ಮೇಲು.